ಗೆದ್ದವರು ಯಾರ ಪ್ರತಿನಿಧಿ?

2024ರ ಜುಲೈ 4ರಂದು ನಡೆದ ಬ್ರಿಟನ್ನಿನ ಮಹಾಚುನಾವಣೆಯಲ್ಲಿ ಲೇಬರ್ ಪಕ್ಷ 650 ಸ್ಥಾನಗಳ ಪೈಕಿ 411ನ್ನು ಗೆದ್ದಿತು. ಅದಕ್ಕೆ ಬಿದ್ದ ಮತ ಸುಮಾರು 97 ಲಕ್ಷ, ಅಂದರೆ ಶೇ 34ಕ್ಕೂ ಕಡಿಮೆ. 2019ರಲ್ಲಿ ಇದೇ ಪಕ್ಷ ಒಂದು ಕೋಟಿಗೂ ಮೀರಿ ಮತ ಪಡೆದಿತ್ತು. ಕೈಗೆ ಬಂದದ್ದು 202 ಸ್ಥಾನ. ಹಾಗಾದರೆ ಜನಾದೇಶ ಎಂಬುದು ಎಲ್ಲಿದೆ?

ನೈಋತ್ಯ ನಾರ್ಫೋಕ್ ಕ್ಷೇತ್ರವನ್ನೇ ನೋಡೋಣ. ಮಾಜಿ ಪ್ರಧಾನಿ ಲಿಜ್ ಟ್ರಸ್ 2019ರಲ್ಲಿ ಅಲ್ಲಿ 26 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. 2024ರಲ್ಲಿ ಲೇಬರ್ ಅಭ್ಯರ್ಥಿ ಟೆರಿ ಜೆರ್ಮಿ ಎದುರು 630 ಮತಗಳಿಂದ ಸೋತರು. ಗೆದ್ದವರಿಗೆ ಸಿಕ್ಕಿದ್ದು ಶೇ 27ರಷ್ಟು ಮತ. ರಿಫಾರ್ಮ್ ಪಕ್ಷ ಶೇ 22ಕ್ಕೂ ಹೆಚ್ಚು ಪಡೆದು ಮೂರನೆಯದಾಯಿತು. ಮತ ಹಾಕಿದ ನೂರರಲ್ಲಿ ಎಪ್ಪತ್ತಮೂರು ಮಂದಿ ಬೇರೊಬ್ಬರನ್ನು ಬಯಸಿದ್ದರು. ಆ ಬೇರೊಬ್ಬರು ಯಾರೆಂಬುದರಲ್ಲಿ ಮಾತ್ರ ಅವರಿಗೆ ಒಮ್ಮತವಿರಲಿಲ್ಲ.

ದೇಶದ ಉದ್ದಗಲಕ್ಕೂ ಇದೇ ಕಥೆ. 41 ಲಕ್ಷ ಮತ ಚೆದುರಿಹೋದ ರಿಫಾರ್ಮ್‌ಗೆ 5 ಸ್ಥಾನ. ಅದಕ್ಕಿಂತ ಕಡಿಮೆ ಮತ ಪಡೆದರೂ ಅವು ಕೆಲವೇ ಕಡೆ ಒಟ್ಟುಗೂಡಿದ್ದರಿಂದ ಲಿಬರಲ್ ಡೆಮಾಕ್ರಾಟ್‌ಗಳಿಗೆ 72. ವಯಸ್ಸು, ಓದು, ಬ್ರೆಕ್ಸಿಟ್ ಎಳೆದ ಗೆರೆ, ಗಾಜಾದ ನೋವು, ಎಲ್ಲವೂ ಮತದಾರರನ್ನು ಬೇರೆಬೇರೆ ದಿಕ್ಕಿಗೆ ಸೆಳೆದವು. ನೂರರಲ್ಲಿ ನಲವತ್ತು ಮಂದಿ ಮತಗಟ್ಟೆಗೇ ಬರಲಿಲ್ಲ. ಅತಿ ಹೆಚ್ಚು ಮತ ಪಡೆದವರೇ ಗೆದ್ದರು ಎನ್ನುವ ಈ ಪದ್ಧತಿ ನಮ್ಮದೂ ಹೌದು. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಮತ ಹೆಚ್ಚು ಬಿತ್ತು, ಬಿಜೆಪಿಗೆ ಸ್ಥಾನ ಹೆಚ್ಚು ಬಂತು.

ಪದ್ಧತಿಯನ್ನೇ ಬದಲಿಸಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ 2011ರ ಜನಮತಗಣನೆಯಲ್ಲಿ, ಪ್ರಾಶಸ್ತ್ಯದ ಕ್ರಮದಲ್ಲಿ ಮತ ಹಾಕುವ ವಿಧಾನವನ್ನು ಬ್ರಿಟನ್ನಿನ ಮತದಾರರು ಮೂರನೇ ಎರಡು ಪಾಲಿನಷ್ಟು ಬಹುಮತದಿಂದ ತಳ್ಳಿಹಾಕಿದರು. ಯಾವ ಲೆಕ್ಕಾಚಾರ ತಂದರೂ ಸೋತವರು ಇದ್ದೇ ಇರುತ್ತಾರೆ. ಆದ್ದರಿಂದ ಗೆಲುವು ನ್ಯಾಯವಾದದ್ದೋ ಅಲ್ಲವೋ ಎಂಬುದನ್ನು ಎಣಿಕೆ ಅರ್ಧ ಮಾತ್ರ ತೀರ್ಮಾನಿಸುತ್ತದೆ. ಉಳಿದರ್ಧ ತೀರ್ಮಾನವಾಗುವುದು ಗೆದ್ದವರ ಮುಂದಿನ ನಡತೆಯಲ್ಲಿ.

ಬ್ರಿಟನ್ನಿನ ಸಂಸದರು ತಮ್ಮ ಕ್ಷೇತ್ರದ ಯಾವುದಾದರೂ ಗ್ರಂಥಾಲಯದಲ್ಲೋ ಚರ್ಚಿನ ಸಭಾಂಗಣದಲ್ಲೋ ಕೂತು ಜನರ ಅಹವಾಲು ಕೇಳುತ್ತಾರೆ. ಅಲ್ಲಿಯವರು ಇದನ್ನು ‘ಸರ್ಜರಿ’ ಎನ್ನುತ್ತಾರೆ. ಮನೆ ಸಿಗದವರು, ವೀಸಾ ತಡವಾದವರು, ಭತ್ಯೆ ನಿಂತುಹೋದವರು ಅಲ್ಲಿಗೆ ಬರುತ್ತಾರೆ. ನೀವು ಯಾರಿಗೆ ಮತ ಹಾಕಿದಿರಿ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಈ ಕರ್ತವ್ಯಕ್ಕೆ ಪ್ರಾಣವೇ ಬೆಲೆಯಾದದ್ದೂ ಉಂಟು. 2016ರಲ್ಲಿ ಲೇಬರ್ ಸಂಸದೆ ಜೋ ಕಾಕ್ಸ್ ಇಂಥ ಭೇಟಿಗೆ ಬಂದಾಗ, 2021ರಲ್ಲಿ ಕನ್ಸರ್ವೇಟಿವ್ ಸಂಸದ ಡೇವಿಡ್ ಅಮೆಸ್ ಅಹವಾಲು ಕೇಳುತ್ತಿದ್ದಾಗಲೇ ಕೊಲೆಯಾದರು. ಆದರೂ ಸಂಸದರು ಜನರನ್ನು ಮುಖಾಮುಖಿ ಕಾಣುವುದನ್ನು ನಿಲ್ಲಿಸಲಿಲ್ಲ.

ಮತದಾರರು ಒಡೆದುಹೋಗುವುದು ತಪ್ಪಲ್ಲ. ಬೇರೆಬೇರೆಯಾಗಿ ಬದುಕುವವರು ಬೇರೆಬೇರೆಯಾಗಿಯೇ ಯೋಚಿಸುತ್ತಾರೆ. ಆ ಒಡಕಿನ ಲಾಭದಿಂದ ಅಧಿಕಾರಕ್ಕೆ ಬಂದವರು ತಮಗೆ ಮತ ಕೊಡದವರ ಋಣವನ್ನೂ ಹೊತ್ತಿರುತ್ತಾರೆ. ಅದನ್ನು ಮರೆತ ಪಕ್ಷ ಎಷ್ಟೇ ಸ್ಥಾನ ಗೆದ್ದರೂ ಒಂದು ಗುಂಪನ್ನು ಮಾತ್ರ ಆಳುತ್ತದೆ, ದೇಶವನ್ನಲ್ಲ.