ಕಾವಿಗೆ ಸಡಿಲಿದ ತಿರುಪು

ಸದ್ಭಕ್ತರೇ, ಹೊರಗೆ ಹೊಳಪಿದ್ದ ಮಾತ್ರಕ್ಕೆ ಒಳಗು ಗಟ್ಟಿಯೆಂದು ನಂಬಲಾಗದು. ಜರ್ಮನಿಯ ಪೋರ್ಷೆ ಕಾರ್ಖಾನೆಯಲ್ಲಿ 1974ರಿಂದ 1977ರವರೆಗೆ ನಿರ್ಮಿತವಾದ 911 ಎಂಬ ವೇಗದ ಕಾರುಗಳಲ್ಲಿ ಹಲವಕ್ಕೆ 2.7 ಲೀಟರಿನ, ಗಾಳಿಯಿಂದ ತಣಿಯುವ ಆರು ಸಿಲಿಂಡರಿನ ಎಂಜಿನ್ನು. ಅದರ ಕ್ರ್ಯಾಂಕ್‌ಕೇಸು ಹಗುರವಾದ ಮೆಗ್ನೀಸಿಯಮ್ಮಿನದು. ಸಿಲಿಂಡರನ್ನೂ ಹೆಡ್ಡನ್ನೂ ಅದಕ್ಕೆ ಬಿಗಿಹಿಡಿದಿರುವುದು 24 ಸ್ಟಡ್ಡುಗಳು. ಓಟದ ಕಾವಿನಲ್ಲಿ ಲೋಹ ಹಿಗ್ಗಿ ಈ ಸ್ಟಡ್ಡುಗಳನ್ನು ಜಗ್ಗುತ್ತದೆ. ಮೆಗ್ನೀಸಿಯಮ್ಮಿನೊಳಗಿನ ತಿರುಪುಸುತ್ತುಗಳು ಮೆಲ್ಲಮೆಲ್ಲನೆ ಕಿತ್ತುಬರುತ್ತವೆ.

ಕಾರು ಆಗಲೂ ಓಡುತ್ತದೆ. ಅವಿವೇಕಿಯು ಮೇಲಿನ ನಟ್ಟನ್ನೇ ಇನ್ನಷ್ಟು ಬಿಗಿಯುತ್ತಾನೆ. ಬಿಗಿದಷ್ಟೂ ಬುಡ ಕಳಚುತ್ತದೆ. ಸಿಟ್ಟಿನ ಬೇರನ್ನು ಅರಸದೆ ನಾಲಗೆಯನ್ನಷ್ಟೇ ಬಿಗಿಹಿಡಿಯುವ ಗೃಹಸ್ಥನ ಪಾಡೂ ಇದೇ ಅಲ್ಲವೆ?

ಬಲ್ಲ ಕುಶಲನಾದರೋ ಎಂಜಿನ್ನನ್ನು ಇಳಿಸಿ, ಪೂರ್ತಿ ಕಳಚಿ, ಕ್ರ್ಯಾಂಕ್‌ಕೇಸನ್ನು ಎರಡು ಹೋಳಾಗಿ ಬಿಡಿಸುತ್ತಾನೆ. ಒಂದೊಂದು ಭಾಗಕ್ಕೂ ಅದರ ಸ್ಥಾನದ ಗುರುತು ಕಟ್ಟಿ, ತೊಳೆದು, ಬೇರಿಂಗುಗಳ ಎಡೆಯನ್ನು ಮಿಲಿಮೀಟರಿನ ನೂರನೆಯ ಒಂದಂಶದವರೆಗೆ ಅಳೆಯುತ್ತಾನೆ. ಸ್ಟಡ್ಡಿನ ತೂತುಗಳನ್ನು ಕೊರೆದು, ಒಳಗೆ ತಿರುಪುಳ್ಳ ಉಕ್ಕಿನ ಕೊಳವೆಗಳನ್ನು ಕೂರಿಸುತ್ತಾನೆ. ಮೇಣ ತಿಕ್ಕಿ ಬಣ್ಣವನ್ನು ಮೆರೆಯಿಸುವವರಿಗೆ ಇದೆಲ್ಲ ವ್ಯರ್ಥಶ್ರಮವೆಂದು ತೋರೀತು! ಕಿತ್ತುಬಂದದ್ದು ಒಂದೇ ಸ್ಟಡ್ಡಾದರೂ ಅವನು 24 ತೂತುಗಳನ್ನೂ ಸರಿಪಡಿಸುತ್ತಾನೆ. ಉಳಿದ 23 ಸಹ ಅದೇ ಕಾವನ್ನು ಉಂಡವುಗಳೇ.