ಅಂಕಪಟ್ಟಿಗೆ ಸಿಗದ ಕಲಿಕೆ

ಕಾಲೇಜಿನಿಂದ ತಡವಾಗಿ ಬಂದ ಮಗಳು ‘ರಾಷ್ಟ್ರೀಯ ಸೇವಾ ಯೋಜನೆಯ ಕೆಲಸವಿತ್ತು’ ಎಂದರೆ, ‘ಅದರಿಂದ ಅಂಕ ಬರುತ್ತದೆಯೇ?’ ಎಂದು ನೀವು ಕೇಳುವುದು ಸಹಜ. ಶುಲ್ಕಕ್ಕಾಗಿ ಬೆವರು ಸುರಿಸುವವರ ಪ್ರಶ್ನೆಯದು. ಅದನ್ನು ಹಗುರವಾಗಿ ಕಾಣಲಾಗದು.

ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯು ಸ್ವಯಂಸೇವಕರಿಂದ ಬಯಸುವುದು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ. ಜೊತೆಗೆ 7 ದಿನಗಳ ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯ. ಎಲ್ಲವೂ ‘ನಿನಗೆ’ ಎಂದಾದರೆ ವಿದ್ಯಾರ್ಥಿಗೆ ಉಳಿಯುವುದೇನು?

ತರಗತಿಯಲ್ಲಿ ಬಾಯಿ ಬಿಡದವಳು ಹಳ್ಳಿಯ ಮನೆಮನೆಗೆ ಹೋದಾಗ ಜನರ ಕಷ್ಟಕ್ಕೆ ಕಿವಿಯಾಗಬಲ್ಲಳು. ಗಣಿತದಲ್ಲಿ ಹಿಂದುಳಿದವನು ಶಿಬಿರದ ಖರ್ಚನ್ನು ಪೈಸೆ ತಪ್ಪದೆ ನಿಭಾಯಿಸಬಲ್ಲನು. ತನ್ನ ಒಲವು ಯಾವುದರಲ್ಲಿದೆ ಎಂಬುದು ಕೋಣೆಯಲ್ಲಿ ಕುಳಿತು ಚಿಂತಿಸಿದವರಿಗೆ ಹೊಳೆಯುವುದು ಅಪರೂಪ; ಪರರಿಗಾಗಿ ಕೈ ಕೆಸರು ಮಾಡಿಕೊಂಡವರಿಗೆ ಅದು ತಾನಾಗಿ ಗೋಚರಿಸುತ್ತದೆ. ತನ್ನನ್ನು ಮರೆತ ಗಳಿಗೆಯಲ್ಲೇ ಮನುಷ್ಯನು ತನ್ನನ್ನು ಕಂಡುಕೊಳ್ಳುತ್ತಾನೆ.

ಓದನ್ನು ಬದಿಗೊತ್ತುವ ಸೇವೆ ಸಲ್ಲದು. ಕೇವಲ ಪ್ರಮಾಣಪತ್ರಕ್ಕಾಗಿ ಮಾಡಿದ್ದು ಸೇವೆಯೇ ಅಲ್ಲ. ಆದರೆ ಮಕ್ಕಳು ಮನಸ್ಸಿಟ್ಟು ದುಡಿದು ಬಂದ ಸಂಜೆ, ಅಂಕಗಳ ಮಾತಿಗೆ ಮುನ್ನ, ‘ಇಂದು ಯಾರಿಗೆ ನೆರವಾದೆ? ಯಾವ ಕೆಲಸ ನಿನಗೆ ಹಿಡಿಸಿತು?’ ಎಂದು ಕೇಳಿನೋಡಿ. ಅವರ ನಾಳೆಯ ದಾರಿ ಆ ಉತ್ತರದಲ್ಲಿ ಇರಬಹುದು.