ಮಿದುಳಿನ ಗಡ್ಡೆಯೂ ಆತ್ಮದ ಪ್ರಶ್ನೆಯೂ

ಮಿದುಳಿಗೆ ತನ್ನ ನೋವು ಗೊತ್ತಾಗುವುದಿಲ್ಲ. ನೋವನ್ನು ಗ್ರಹಿಸುವ ನರತುದಿಗಳು ನೆತ್ತಿಯ ಚರ್ಮದಲ್ಲಿವೆ, ಮಿದುಳನ್ನು ಸುತ್ತಿದ ಹೊರಪೊರೆಯಲ್ಲಿವೆ. ಮಿದುಳಿನ ಒಳಗೆ ಇಲ್ಲ. ಆದ್ದರಿಂದ ಹೊರಗಿನ ಭಾಗಗಳನ್ನು ಮರಗಟ್ಟಿಸಿ, ಬುರುಡೆ ತೆರೆದ ಮೇಲೆ ರೋಗಿಯನ್ನು ಎಚ್ಚರಗೊಳಿಸಿ, ಮಾತನಾಡಿಸುತ್ತಲೇ ಗಡ್ಡೆಯನ್ನು ತೆಗೆಯಬಹುದು. ರೋಗಿ ಚಿತ್ರ ನೋಡಿ ಹೆಸರು ಹೇಳುತ್ತಾನೆ, ಎಣಿಸುತ್ತಾನೆ, ಬೆರಳು ಮಡಿಸುತ್ತಾನೆ. ಶಸ್ತ್ರವೈದ್ಯರು ವಿದ್ಯುತ್ ಹರಿಯುವ ಸಣ್ಣ ಕಡ್ಡಿಯಿಂದ ಮಿದುಳಿನ ಮೇಲ್ಮೈಯನ್ನು ಒಂದೊಂದೇ ಕಡೆ ಮುಟ್ಟುತ್ತಾ ಹೋಗುತ್ತಾರೆ. ಮಾತು ತಟ್ಟನೆ ನಿಂತರೆ ಆ ಜಾಗವನ್ನು ಉಳಿಸಬೇಕು. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆರಳುಗಳ ಸೆಳೆತದಿಂದ ಬಳಲುತ್ತಿದ್ದ ಸಂಗೀತಗಾರನೊಬ್ಬ ಶಸ್ತ್ರಕ್ರಿಯೆಯ ನಡುವೆಯೇ ಗಿಟಾರ್ ನುಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅದು ಗಡ್ಡೆಯ ಚಿಕಿತ್ಸೆಯಲ್ಲ, ಆದರೆ ವಿಧಾನದ ತಿರುಳು ಒಂದೇ: ಎಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಎಚ್ಚರವಿರುವ ಮನುಷ್ಯನೇ ತೋರಿಸಿಕೊಡಬೇಕು.

ಈ ಎಚ್ಚರದ ಶಸ್ತ್ರಕ್ರಿಯೆ ಹೆಚ್ಚಾಗಿ ಬೇಕಾಗುವುದು ಗ್ಲಯೋಮ ಎಂಬ ಗಡ್ಡೆಗಳಿಗೆ. ಇವು ನರಕೋಶಗಳಿಗೆ ಆಸರೆಯಾಗಿರುವ ಗ್ಲಯಾ ಜಾತಿಯ ಕೋಶಗಳಿಂದ ಹುಟ್ಟುತ್ತವೆ. ಇವಕ್ಕೆ ಸ್ಪಷ್ಟವಾದ ಅಂಚಿಲ್ಲ. ಆರೋಗ್ಯವಾದ ಅಂಗಾಂಶದೊಳಗೆ ಎಳೆಎಳೆಯಾಗಿ ನುಸುಳಿರುತ್ತವೆ. ರೋಗ ಎಲ್ಲಿ ಮುಗಿಯಿತು, ರೋಗಿ ಎಲ್ಲಿಂದ ಆರಂಭವಾದ ಎಂಬುದನ್ನು ಶಸ್ತ್ರವೈದ್ಯರು ಕತ್ತರಿಸುವ ಮುನ್ನ ತೀರ್ಮಾನಿಸಲೇಬೇಕು. ದಾರ್ಶನಿಕರು ಎರಡು ಸಾವಿರ ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆ ಇದೇ: ದೇಹದಲ್ಲಿ ‘ನಾನು’ ಯಾವುದು, ‘ನನ್ನದು’ ಮಾತ್ರವಾದದ್ದು ಯಾವುದು?

ಈ ಗಡಿಯನ್ನು ಗುರುತಿಸಲು ಚಿತ್ರಣ ವಿಧಾನಗಳು ನೆರವಾಗುತ್ತವೆ. ಗಡೋಲಿನಿಯಂ ಚುಚ್ಚಿ ತೆಗೆದ ಎಂಆರ್‌ಐ ಚಿತ್ರದಲ್ಲಿ ರಕ್ತನಾಳಗಳ ತಡೆ ಮುರಿದಿರುವ ಭಾಗ ಬೆಳ್ಳಗೆ ಕಾಣುತ್ತದೆ. ಶಸ್ತ್ರಕ್ರಿಯೆಗೆ ಮುನ್ನ 5-ಎಎಲ್‌ಎ ಎಂಬ ದ್ರಾವಣ ಕುಡಿಸಿದರೆ ಉಗ್ರ ಗ್ಲಯೋಮದ ಕೋಶಗಳು ನೀಲಿ ಬೆಳಕಿನಲ್ಲಿ ಗುಲಾಬಿಗೆಂಪಾಗಿ ಹೊಳೆಯುತ್ತವೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಈ ಬೆಳಕಿನ ನೆರವಿದ್ದಾಗ ಶೇ. 65 ರೋಗಿಗಳಲ್ಲಿ, ಇಲ್ಲದಿದ್ದಾಗ ಶೇ. 36 ರೋಗಿಗಳಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲಾಯಿತು. ನೀರಿನ ಕಣಗಳು ಯಾವ ದಿಕ್ಕಿಗೆ ಸುಲಭವಾಗಿ ಸರಿಯುತ್ತವೆ ಎಂಬುದನ್ನು ಅಳೆದು ನರತಂತುಗಳ ಹಾದಿಯನ್ನು ಬಿಡಿಸುವ ವಿಧಾನವೂ ಇದೆ. ಕೆಲಸ ಮಾಡುವ ಭಾಗಕ್ಕೆ ಹೆಚ್ಚುವ ಆಮ್ಲಜನಕಭರಿತ ರಕ್ತವನ್ನು ಗುರುತಿಸುವ ಎಫ್‌ಎಂಆರ್‌ಐ ಇದೆ. ಇವೆಲ್ಲ ತೋರಿಸುವುದು ನೀರು, ರಕ್ತ ಮತ್ತು ರಾಸಾಯನಿಕ ಬದಲಾವಣೆಗಳನ್ನು. ಬಣ್ಣ ಬಳಿದ ಚಿತ್ರವನ್ನು ನೋಡಿ ‘ಆಲೋಚನೆ ಕಂಡಿತು’ ಎನ್ನುವುದು ಪತ್ರಿಕೆಗಳ ಅವಸರ. ರೋಗಿಯ ಅನುಭವ ಗೊತ್ತಾಗಬೇಕಾದರೆ ಇಂದಿಗೂ ರೋಗಿಯನ್ನೇ ಕೇಳಬೇಕು.

ಗಡಿಯ ಪ್ರಶ್ನೆಯನ್ನು ಇನ್ನೂ ಕಠಿಣಗೊಳಿಸಿದ್ದು ಇತ್ತೀಚಿನ ಸಂಶೋಧನೆ. ನರಕೋಶಗಳು ಗ್ಲಯೋಮದ ಕೋಶಗಳೊಂದಿಗೆ ನೇರ ನರಸಂಧಿಗಳನ್ನು ಬೆಸೆಯುತ್ತವೆ, ಮಿದುಳಿನ ಸಹಜ ಚಟುವಟಿಕೆಯೇ ಗಡ್ಡೆಯನ್ನು ಬೆಳೆಸುತ್ತದೆ ಎಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನಗಳು ತೋರಿಸಿದವು. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಗ್ಲಯೋಬ್ಲಾಸ್ಟೋಮ ಎಂಬ ಉಗ್ರ ಗ್ಲಯೋಮವಿದ್ದ, ಎಚ್ಚರದಲ್ಲಿದ್ದ ರೋಗಿಗಳಿಗೆ ಚಿತ್ರ ತೋರಿಸಿ ಹೆಸರು ಹೇಳಿಸಿತು. ಆಗ ಗಡ್ಡೆ ಹೊಕ್ಕ ಭಾಗವೂ ಚಟುವಟಿಕೆಗೆ ಬಂತು. ಗಡ್ಡೆ ಮಿದುಳಿನ ಜಾಲದೊಳಗೆ ಸೇರಿಕೊಂಡು, ಮನುಷ್ಯ ಮಾತನಾಡುವಾಗಲೆಲ್ಲ ತಾನೂ ಮಿಡಿಯುತ್ತದೆ, ಆ ಮಿಡಿತದಿಂದಲೇ ಬೆಳೆಯುತ್ತದೆ. ಪರಕೀಯ ಎಂದುಕೊಂಡದ್ದು ಸ್ವಂತದ ಕೆಲಸದಲ್ಲಿ ಪಾಲುದಾರನಾಗಿಬಿಟ್ಟಿರುತ್ತದೆ.

ಕೆನಡಾದ ವೈಲ್ಡರ್ ಪೆನ್‌ಫೀಲ್ಡ್ ಈ ಪ್ರಶ್ನೆಯನ್ನು ಶಸ್ತ್ರವೈದ್ಯರಾಗಿಯೂ ಮನುಷ್ಯರಾಗಿಯೂ ಎದುರಿಸಿದವರು. 1928ರಲ್ಲಿ ಅವರು ತಮ್ಮ ಸ್ವಂತ ಅಕ್ಕನ ಮಿದುಳಿನ ಗಡ್ಡೆಯನ್ನು, ಅದರೊಂದಿಗೆ ಬಲ ಮುಂಭಾಗದ ಹಾಲೆಯ ಬಹುಪಾಲನ್ನು ತೆಗೆದರು. ಆಕೆ ಚೇತರಿಸಿಕೊಂಡರು, ಮಾತು, ನಡತೆ, ಪ್ರೀತಿ ಎಲ್ಲ ಮೊದಲಿನಂತೆಯೇ ಇದ್ದವು. ಆದರೆ ಮುಂದೊಮ್ಮೆ ಅತಿಥಿಗಳಿಗೆ ಊಟ ಸಿದ್ಧಪಡಿಸಲು ಹೊರಟಾಗ, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದನ್ನು ಹೊಂದಿಸಲಾರದೆ ಹೋದರು. ಅಡುಗೆ ಮಾಡಲು ಬರುತ್ತಿತ್ತು, ಮನಸ್ಸೂ ಇತ್ತು; ಯೋಜಿಸುವ ಶಕ್ತಿ ಮಾತ್ರ ಹೋಗಿತ್ತು. ಗಡ್ಡೆ ಮರಳಿ 1931ರಲ್ಲಿ ಆಕೆ ತೀರಿಕೊಂಡರು. ಪೆನ್‌ಫೀಲ್ಡ್ 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯನ್ನು ಕಟ್ಟಿ, ನೂರಾರು ಎಚ್ಚರದ ಶಸ್ತ್ರಕ್ರಿಯೆಗಳಲ್ಲಿ ಮಿದುಳಿನ ನಕ್ಷೆ ಬರೆದರು. ವಿದ್ಯುತ್ ಸ್ಪರ್ಶದಿಂದ ಕೈ ಮೇಲೆದ್ದಾಗ ರೋಗಿಗಳು ಅದನ್ನು ತಾವು ಎತ್ತಿದ್ದಲ್ಲ, ವೈದ್ಯರೇ ಎತ್ತಿಸಿದ್ದು ಎನ್ನುತ್ತಿದ್ದರು. ಯಾವ ಸ್ಪರ್ಶದಿಂದಲೂ ರೋಗಿ ಏನನ್ನಾದರೂ ನಂಬುವಂತೆ, ನಿರ್ಧರಿಸುವಂತೆ ಮಾಡಲು ಆಗಲಿಲ್ಲ ಎಂಬುದೇ 1975ರ ತಮ್ಮ ಪುಸ್ತಕದಲ್ಲಿ ಮನಸ್ಸು ಮಿದುಳಿಗಿಂತ ಬೇರೆ ಇರಬಹುದು ಎನ್ನಲು ಅವರಿಗೆ ದೊರೆತ ಆಧಾರ.

ಆ ಆಧಾರವನ್ನು ಅಲುಗಿಸಿದ್ದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫ್ರಾನ್ಸಿನ ಅಧ್ಯಯನ. ಮಿಶೆಲ್ ದೆಮ್ಯೂರ್ಜೆ, ಆಂಜೆಲಾ ಸಿರಿಗು ಮತ್ತು ಸಂಗಡಿಗರು ಗಡ್ಡೆಯ ಶಸ್ತ್ರಕ್ರಿಯೆಯಲ್ಲಿದ್ದ 7 ಮಂದಿ ಎಚ್ಚರದ ರೋಗಿಗಳನ್ನು ಪರೀಕ್ಷಿಸಿದರು. ಮಿದುಳಿನ ಹಿಂಬದಿಯ ಪೆರೈಟಲ್ ಹಾಲೆಯ ಕೆಳಭಾಗವನ್ನು ಬಲಗಡೆ ಮುಟ್ಟಿದಾಗ ರೋಗಿಗಳಿಗೆ ಎಡಗೈಯನ್ನೋ ಕಾಲನ್ನೋ ಆಡಿಸಬೇಕೆಂಬ ಬಲವಾದ ಇಚ್ಛೆ ಹುಟ್ಟಿತು. ಎಡಗಡೆ ಮುಟ್ಟಿದಾಗ ತುಟಿ ಆಡಿಸುವ, ಮಾತನಾಡುವ ಇಚ್ಛೆ. ವಿದ್ಯುತ್ತನ್ನು ಹೆಚ್ಚಿಸಿದಾಗ ತಾವು ಅದನ್ನು ಮಾಡಿಯೇಬಿಟ್ಟೆವು ಎಂದು ಅವರು ನಂಬಿದರು. ಸ್ನಾಯುಗಳಲ್ಲಿ ಕದಲಿಕೆಯ ಸುಳಿವೂ ಇರಲಿಲ್ಲ. ಮುಂಭಾಗದ ಪ್ರೀಮೋಟಾರ್ ಪ್ರದೇಶವನ್ನು ಮುಟ್ಟಿದಾಗ ಇದರ ತಿರುವುಮುರುವು: ಕೈಕಾಲು ನಿಜವಾಗಿಯೂ ಆಡಿದವು, ಆದರೆ ತಾವು ಆಡಿಸಿಲ್ಲ, ಅವು ಆಡಿಯೇ ಇಲ್ಲ ಎಂದರು. ಮಾಡದೆಯೇ ‘ಮಾಡಿದೆ’, ಮಾಡಿಯೂ ‘ಮಾಡಿಲ್ಲ’. ರೋಗಿಗಳ ಸಂಖ್ಯೆ ಚಿಕ್ಕದು, ನಿಜ. ಆದರೂ ಕರ್ತೃತ್ವದ ಅನುಭವವೂ ಕ್ರಿಯೆಯೂ ಬೇರೆಬೇರೆ ಹಾದಿಯಲ್ಲಿ ಹುಟ್ಟಬಲ್ಲವು ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಇನ್ನೊಂದು ಪ್ರಯೋಗವನ್ನು ಹೆಸರಿಸುವುದು ಕಷ್ಟ. ಪೆನ್‌ಫೀಲ್ಡರ ಮಾತಿನಲ್ಲಿ ಸ್ವಲ್ಪ ಉಳಿಯುತ್ತದೆ: ಹುಟ್ಟಿದ್ದು ಇಚ್ಛೆ, ತೂಗಿ ನೋಡಿ ಕೈಗೊಂಡ ನಿರ್ಧಾರವಲ್ಲ.

ಗಡ್ಡೆಯ ಶಸ್ತ್ರಕ್ರಿಯೆ ಶ್ರದ್ಧೆಯನ್ನೂ ತಟ್ಟುತ್ತದೆ. ಇಟಲಿಯಲ್ಲಿ ಕೊಸಿಮೊ ಉರ್ಜೆಸಿ ಮತ್ತು ಸಂಗಡಿಗರು 88 ರೋಗಿಗಳಿಗೆ ಶಸ್ತ್ರಕ್ರಿಯೆಯ ಮುಂಚೆ ಮತ್ತು ನಂತರ ಒಂದೇ ಪ್ರಶ್ನಾವಳಿ ಕೊಟ್ಟರು. ತನ್ನನ್ನು ಮೀರಿದ ಯಾವುದೋ ಒಂದರೊಡನೆ ಒಂದಾಗಿದ್ದೇನೆ ಎಂಬ ಭಾವನೆಯನ್ನು ಅಳೆಯುವ ಪ್ರಶ್ನೆಗಳು ಅದರಲ್ಲಿದ್ದವು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪೆರೈಟಲ್ ಹಾಲೆಯ ಹಿಂಭಾಗಕ್ಕೆ ಪೆಟ್ಟಾದವರಲ್ಲಿ ಈ ಭಾವನೆ ಹೆಚ್ಚಿತು. ದೇಹದ ಎಲ್ಲೆಯನ್ನು, ಅದು ಜಾಗದಲ್ಲಿ ಎಲ್ಲಿದೆ ಎಂಬುದನ್ನು ಲೆಕ್ಕವಿಡುವ ಪ್ರದೇಶ ಅದು. ಆ ಲೆಕ್ಕ ಸಡಿಲವಾದಾಗ ‘ನಾನು’ ಹಿಗ್ಗಿತು ಎಂದು ಓದಬಹುದು. ಇದೇ ಮಾಹಿತಿಯನ್ನು ಅಮೆರಿಕದ ಮೈಕೆಲ್ ಫರ್ಗುಸನ್ ಮತ್ತು ಸಂಗಡಿಗರು ಮತ್ತೆ ವಿಶ್ಲೇಷಿಸಿದಾಗ ಚಿತ್ರ ಜಟಿಲವಾಯಿತು: 30 ಮಂದಿಯಲ್ಲಿ ಅಧ್ಯಾತ್ಮಭಾವ ಇಳಿದಿತ್ತು, 29 ಮಂದಿಯಲ್ಲಿ ಏರಿತ್ತು, 29 ಮಂದಿಯಲ್ಲಿ ಇದ್ದಂತೆಯೇ ಇತ್ತು. ಆ ಏರಿಳಿತಗಳು ಮಿದುಳುಕಾಂಡದ ಒಂದು ಬಿಂದುವನ್ನು ನಡುವಾಗಿಟ್ಟುಕೊಂಡ ಜಾಲಕ್ಕೆ ಹೊಂದುತ್ತಿದ್ದವು. ಭಯ, ನೋವು, ವಾತ್ಸಲ್ಯಗಳಲ್ಲಿ ಪಾತ್ರವಿರುವ ಜಾಗ ಅದು. ‘ದೇವರ ಕೇಂದ್ರ’ ಸಿಕ್ಕಿತು ಎಂದು ಹೇಳಲು ಇದರಲ್ಲಿ ಏನೂ ಇಲ್ಲ. ಒಂದು ನಂಬಿಕೆ ಯಾವ ನರಜಾಲದಿಂದ ಮೂಡುತ್ತದೆ ಎಂದು ತಿಳಿದರೆ ಆ ನಂಬಿಕೆ ನಿಜವೋ ಸುಳ್ಳೋ ಎಂದು ತಿಳಿದಂತಾಗುವುದಿಲ್ಲ. ಗಣಿತದ ಪ್ರಮೇಯವೂ ನರಜಾಲದಿಂದಲೇ ಹೊಳೆಯುತ್ತದೆ.

ದೇಹವನ್ನು ಬಗೆದು ಆತ್ಮವನ್ನು ಹುಡುಕುವ ಯತ್ನ ಭಾರತದಲ್ಲಿ ಹಳೆಯದು. ಪಾಲಿಯ ದೀಘನಿಕಾಯದಲ್ಲಿ ಪಾಯಾಸಿ ಎಂಬ ದೊರೆ ಅಪರಾಧಿಯೊಬ್ಬನ ಚರ್ಮ, ಮಾಂಸ, ನರ, ಮೂಳೆ, ಮಜ್ಜೆಗಳನ್ನು ಬೇರ್ಪಡಿಸಿ ನೋಡಿಸಿದನಂತೆ. ಜೀವ ಎಲ್ಲಿಯೂ ಕಾಣಲಿಲ್ಲವಂತೆ. ಭಿಕ್ಷು ಕುಮಾರ ಕಸ್ಸಪ ಅವನಿಗೆ, ಆರಿದ ಬೆಂಕಿಯನ್ನು ಹೊತ್ತಿಸಲು ಬೆಂಕಿ ಕಡೆಯುವ ಅರಣಿಯನ್ನು ಚೂರುಚೂರಾಗಿ ಸೀಳಿ ಬೆಂಕಿ ಸಿಗಲಿಲ್ಲವೆಂದ ಹುಡುಗನ ಕಥೆ ಹೇಳುತ್ತಾನೆ. ಜೈನರ ಆಗಮದಲ್ಲಿಯೂ ಪಏಸಿ ಎಂಬ ದೊರೆಯ ಇಂಥದ್ದೇ ಸಂವಾದವಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋದವರು ಜಾಡಿಗಳಲ್ಲಿ ಕಾಪಾಡಿದ ಮಿದುಳುಗಳನ್ನು ನೋಡುತ್ತಾರೆ. ಸೀಳಿ ನೋಡಿದ ಕಡೆಗಳಲ್ಲೆಲ್ಲ ಅಂಗಾಂಶವೇ ಇರುತ್ತದೆ. ಆದರೆ ಎಚ್ಚರದ ಶಸ್ತ್ರಕ್ರಿಯೆ ಪಾಯಾಸಿಯ ಪರೀಕ್ಷೆಗಿಂತ ಬೇರೆ ಜಾತಿಯದು: ಇಲ್ಲಿ ಅರಣಿ ಇನ್ನೂ ಉರಿಯುತ್ತಿದೆ, ಮಾತನಾಡುತ್ತಿದೆ.

ಈ ಪ್ರಶ್ನೆಗೆ ಅತ್ಯಂತ ಹತ್ತಿರ ಬರುವ ಶಾಸ್ತ್ರಭಾಗ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿದೆ (3.3.53–54). ದೇಹವಿದ್ದರೆ ಚೈತನ್ಯವಿರುತ್ತದೆ, ಇಲ್ಲದಿದ್ದರೆ ಇರುವುದಿಲ್ಲ. ಆದ್ದರಿಂದ ಚೈತನ್ಯ ದೇಹದ ಧರ್ಮ ಎಂಬುದು ದೇಹವೇ ಆತ್ಮವೆನ್ನುವ ಲೋಕಾಯತರ ವಾದ. ಶಂಕರರ ಭಾಷ್ಯ ಎರಡು ಉತ್ತರ ಕೊಡುತ್ತದೆ. ಸತ್ತ ಮೇಲೂ ದೇಹವಿರುತ್ತದೆ, ಚೈತನ್ಯವಿರುವುದಿಲ್ಲ ಎಂಬುದು ಒಂದು. ದೀಪವಿದ್ದಾಗ ವಸ್ತು ಕಾಣುತ್ತದೆ, ಇಲ್ಲದಾಗ ಕಾಣುವುದಿಲ್ಲ, ಅಷ್ಟರಿಂದ ಕಾಣುವಿಕೆ ದೀಪದ ಧರ್ಮವಾಗುವುದಿಲ್ಲ. ದೇಹವೂ ಹಾಗೆ ಬರಿಯ ಉಪಕರಣವಾಗಿರಬಹುದು ಎಂಬುದು ಇನ್ನೊಂದು. ಮೊದಲ ಉತ್ತರ ಇಂದು ದುರ್ಬಲ. ಸತ್ತ ದೇಹದಲ್ಲಿ ದೇಹದ ಆಕಾರವಿದೆ, ನರಕೋಶಗಳ ಮಿಡಿತವಿಲ್ಲ. ಲೋಕಾಯತರು ಆ ಮಿಡಿತವನ್ನೇ ಚೈತನ್ಯದ ಆಧಾರವೆಂದರೆ ಆಕ್ಷೇಪ ತಾಗುವುದಿಲ್ಲ. ಎರಡನೆಯದು ಇನ್ನೂ ಗಟ್ಟಿ. ಜೊತೆಜೊತೆಯಾಗಿ ಬರುವುದನ್ನು ಕಂಡು ಒಂದು ಇನ್ನೊಂದರ ಗುಣವೆಂದು ಹೇಳಲಾಗದು ಎಂಬ ತರ್ಕವನ್ನು ಯಾವ ಎಂಆರ್‌ಐ ಚಿತ್ರವೂ ಮುರಿದಿಲ್ಲ.

ಆದರೂ ದೀಪದ ತರ್ಕಕ್ಕೆ ಹೊಸ ಭಾರ ಬಿದ್ದಿದೆ. ದೀಪ ಮಸುಕಾದರೆ ನೋಟ ಮಸುಕಾಗುತ್ತದೆ. ನೋಡುವವನ ಬಯಕೆ ಬದಲಾಗುವುದಿಲ್ಲ. ಮಿದುಳನ್ನು ಮುಟ್ಟಿದರೆ ಬಯಕೆಯೇ ಹುಟ್ಟುತ್ತದೆ, ‘ನಾನು ಮಾಡಿದೆ’ ಎಂಬ ಅಭಿಮಾನವೇ ಅತ್ತಿತ್ತಾಗುತ್ತದೆ. ಸಾಂಖ್ಯ ಮತ್ತು ಅದ್ವೈತಗಳಿಗೆ ಇದು ಆಘಾತವಲ್ಲ. ಮನಸ್ಸು, ಬುದ್ಧಿ, ಅಹಂಕಾರಗಳನ್ನು ಅವು ಮೊದಲೇ ಜಡದ ಪಾಲಿಗೆ ಹಾಕಿವೆ. ಇಚ್ಛೆ, ಕರ್ತೃತ್ವಗಳು ಅಂತಃಕರಣದ ವಿಕಾರಗಳೇ ಹೊರತು ಸಾಕ್ಷಿಚೈತನ್ಯದವಲ್ಲ. ವಿದ್ಯುತ್ ಕಡ್ಡಿ ಅಹಂಕಾರವನ್ನು ಅಲುಗಿಸಿತು ಎಂದರೆ ಅದ್ವೈತಿ ಒಪ್ಪಿಕೊಂಡಾನು. ಈ ನಿಲುವಿಗೆ ಬೆಲೆಯೂ ಇದೆ: ಉಳಿದ ಸಾಕ್ಷಿಗೆ ನೆನಪಿಲ್ಲ, ಸ್ವಭಾವವಿಲ್ಲ, ಮಕ್ಕಳ ಮೇಲಿನ ಮಮತೆಯಿಲ್ಲ. ಜನ ‘ಆತ್ಮ’ ಎನ್ನುವಾಗ ಇಷ್ಟು ಬರಿದಾದದ್ದನ್ನು ಯೋಚಿಸಿರುವುದಿಲ್ಲ.

ರಾಮಾನುಜರ ಮತ್ತು ಉಡುಪಿಯ ಮಧ್ವರ ದರ್ಶನಗಳಲ್ಲಿ ಜೀವನೇ ಜ್ಞಾತೃ, ಜೀವನೇ ಕರ್ತೃ. ಮಧ್ವರ ಪ್ರಕಾರ ಆ ಕರ್ತೃತ್ವ ಹರಿಗೆ ಅಧೀನವಾದದ್ದು. ಹಾಗಾಗಿ ಫ್ರಾನ್ಸಿನ ಪ್ರಯೋಗ ಒತ್ತುವುದು ಇವರನ್ನೇ. ದ್ವೈತದಲ್ಲಿ ಸಾಕ್ಷಿ ಎಂದರೆ ಜೀವನ ಸ್ವರೂಪಭೂತವಾದ ಇಂದ್ರಿಯ. ಸುಖದುಃಖಗಳ, ತನ್ನ ಅರಿವಿನ ವಿಷಯದಲ್ಲಿ ಅದು ತಪ್ಪುವುದಿಲ್ಲ. ಕೈ ಆಡದೆಯೇ ಆಡಿಸಿದೆ ಎಂದ ರೋಗಿಯಲ್ಲಿ ಸಾಕ್ಷಿ ತಪ್ಪಿತೇ? ಇಚ್ಛೆ ಹುಟ್ಟಿದ್ದು ನಿಜ, ಅದನ್ನು ಸಾಕ್ಷಿ ಸರಿಯಾಗಿಯೇ ಗ್ರಹಿಸಿತು. ಕೈ ಆಡಿತು ಎಂಬ ಭ್ರಮೆ ಹೊರಗಿನ ವಸ್ತುವಿಗೆ ಸಂಬಂಧಿಸಿದ್ದು, ಅದು ಮನಸ್ಸಿನ ದೋಷ ಎಂದು ದ್ವೈತಿ ಉತ್ತರಿಸಬಹುದು. ಒಳ್ಳೆಯ ಉತ್ತರವೇ. ಆದರೆ ಅನುಭವಕ್ಕೆ ನಿಚ್ಚಳವಾಗಿ ಕಾಣುವ ‘ನಾನೇ ಮಾಡಿದೆ’ ಎಂಬುದು ಜೀವನ ಕರ್ತೃತ್ವಕ್ಕೆ ನೇರ ಪ್ರಮಾಣವಾಗಿ ಇನ್ನು ಸಾಲದು. ಅದಕ್ಕೆ ಶಾಸ್ತ್ರದ, ತರ್ಕದ ಬೆಂಬಲ ಬೇರೆ ಬೇಕು. ಒಡೆಯನಿಲ್ಲದ ಸ್ಕಂಧಗಳ ಪ್ರವಾಹವೇ ಮನುಷ್ಯ ಎನ್ನುವ ಬೌದ್ಧರಿಗೆ ಈ ತೊಡಕಿಲ್ಲ. ಅವರ ತೊಡಕು ಇನ್ನೊಂದು ಕಡೆ ಇದೆ. ಮಿದುಳಿನ ಎರಡು ಅರ್ಧಗಳ ಸೇತುವೆಯನ್ನು ಕತ್ತರಿಸಿದ ರೋಗಿಗಳಲ್ಲಿ ಗ್ರಹಿಕೆ ಒಡೆದರೂ ಒಬ್ಬನೇ ಉತ್ತರಿಸುವಂತೆ ಕಾಣುತ್ತದೆ ಎಂದು 2017ರ ಆಮ್‌ಸ್ಟರ್‌ಡಾಮ್ ಅಧ್ಯಯನ ಹೇಳಿತು. ಒಡೆಯನಿಲ್ಲವಾದರೆ ಆ ಒಗ್ಗಟ್ಟು ಎಲ್ಲಿಂದ ಬಂತು ಎಂಬುದನ್ನು ಅವರು ವಿವರಿಸಬೇಕು.

ಕರ್ಮಫಲದ ಪ್ರಶ್ನೆ ಇದಕ್ಕಿಂತ ಹತ್ತಿರದ್ದು. 2003ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಪ್ರಕರಣದಲ್ಲಿ, ನಲವತ್ತರ ವಯಸ್ಸಿನವನೊಬ್ಬನಲ್ಲಿ ಮೊದಲಿಲ್ಲದ ವಿಕೃತ ಲೈಂಗಿಕ ಪ್ರವೃತ್ತಿ ಕಾಣಿಸಿಕೊಂಡು ಶಿಕ್ಷೆಯೂ ಆಗಿತ್ತು. ಕಣ್ಣುಗೂಡಿನ ಮೇಲಿನ ಮಿದುಳಿನ ಭಾಗದಲ್ಲಿ ದೊಡ್ಡ ಗಡ್ಡೆಯಿತ್ತು. ತೆಗೆದ ಮೇಲೆ ಪ್ರವೃತ್ತಿ ಹೋಯಿತು; ಗಡ್ಡೆ ಮತ್ತೆ ಬೆಳೆದಾಗ ಅದೂ ಮರಳಿತು. ತಾನು ಮಾಡುತ್ತಿರುವುದು ತಪ್ಪೆಂದು ಅವನಿಗೆ ತಿಳಿದಿತ್ತು, ತಡೆಯಲು ಮಾತ್ರ ಆಗುತ್ತಿರಲಿಲ್ಲ. ಇಂಥಲ್ಲಿ ಪಾಪದ ಹೊಣೆಯನ್ನು ಪೂರ್ತಿಯಾಗಿ ಮನುಷ್ಯನ ಮೇಲೆ ಹೊರಿಸುವುದು ಅನ್ಯಾಯ. ಹಾಗೆಂದು ಎಲ್ಲ ದುಷ್ಟತನಕ್ಕೂ ಗಡ್ಡೆಯೇ ಕಾರಣವೆಂಬ ತೀರ್ಮಾನಕ್ಕೆ ಹೋಗಲು ಒಂದು ಪ್ರಕರಣ ಆಧಾರವಾಗದು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ, ದೇಹದಿಂದ ಬೇರೆಯಾದ ಚೈತನ್ಯವಿದೆಯೋ ಇಲ್ಲವೋ ಎಂಬುದನ್ನು ಈ ಸಂಶೋಧನೆ ತೀರ್ಮಾನಿಸಿಲ್ಲ. ಆದರೆ ಇಚ್ಛೆ, ಸ್ವಭಾವ, ಭಕ್ತಿಯ ಒಲವು, ‘ನಾನು ಮಾಡಿದೆ’ ಎಂಬ ಭರವಸೆ ಇವುಗಳನ್ನೆಲ್ಲ ಹೊತ್ತುಕೊಂಡು ದೇಹದಿಂದ ದೇಹಕ್ಕೆ ಹೋಗುವ ಆತ್ಮವೊಂದನ್ನು ಕಲ್ಪಿಸಿಕೊಂಡ ಜನಪ್ರಿಯ ನಂಬಿಕೆಗೆ ಈಗ ಆಧಾರ ತೆಳುವಾಗಿದೆ. ಮನೆಯವರಲ್ಲಿ ಒಬ್ಬರ ಸ್ವಭಾವ ಕಾರಣವಿಲ್ಲದೆ ಬದಲಾದಾಗ, ಇದ್ದ ಶ್ರದ್ಧೆ ಹೋದಾಗ ಅಥವಾ ಇಲ್ಲದ ಉನ್ಮಾದ ಬಂದಾಗ, ಅದನ್ನು ಗುಣದೋಷವೆಂದೋ ಗಾಳಿ ಸೋಂಕೆಂದೋ ತೀರ್ಪು ಕೊಡುವ ಮುನ್ನ ನರರೋಗ ವೈದ್ಯರಿಗೆ ತೋರಿಸಬೇಕು.